ಜಾಕೀ ರಾಬಿನ್ಸನ್: ಸಹನೆ ಮತ್ತು ಸ್ವಾಭಿಮಾನ

ಸಹನೆಯೆಂದರೆ ಅನ್ಯಾಯದ ಮುಂದೆ ತಲೆ ತಗ್ಗಿಸುವುದೆಂದು ನೀವು ತಿಳಿದಿದ್ದೀರಾ? ಹಾಗಿದ್ದರೆ ಅಮೇರಿಕದ ಕಪ್ಪು ವರ್ಣೀಯ ಆಟಗಾರ ಜಾಕೀ ರಾಬಿನ್ಸನ್‌ರ ಬದುಕನ್ನು ಒಮ್ಮೆ ನೋಡಿ.

1919ರಲ್ಲಿ ಜಾರ್ಜಿಯಾ ರಾಜ್ಯದ ಬಡ ಕುಟುಂಬವೊಂದರಲ್ಲಿ ಅವರು ಹುಟ್ಟಿದರು. ತಂದೆ ಸಂಸಾರವನ್ನು ತೊರೆದು ಹೋದರು. ತಾಯಿ ಐವರು ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದು, ಪರರ ಮನೆಗಳಲ್ಲಿ ದುಡಿದು ಅವರನ್ನು ಸಾಕಿದರು. 1944ರಲ್ಲಿ ಜಾಕೀ ಸೇನೆಯ ಅಧಿಕಾರಿಯಾಗಿದ್ದರು. ಟೆಕ್ಸಾಸ್‌ನಲ್ಲಿ ಬಸ್ಸಿನ ಹಿಂಭಾಗಕ್ಕೆ ಹೋಗಬೇಕೆಂಬ ಆಜ್ಞೆಯನ್ನು ಅವರು ಧಿಕ್ಕರಿಸಿದರು. ಸೇನಾ ನ್ಯಾಯಾಲಯ ವಿಚಾರಣೆ ನಡೆಸಿ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಸುಮ್ಮನಿರುವುದು ಅವರ ಹುಟ್ಟುಗುಣವಾಗಿರಲಿಲ್ಲ ಎಂಬುದನ್ನು ನೆನಪಿಡಿ.

ಆಗ ಬೇಸ್‌ಬಾಲ್‌ನ ಪ್ರಮುಖ ತಂಡಗಳಲ್ಲಿ ಕಪ್ಪು ವರ್ಣೀಯರಿಗೆ ಸ್ಥಾನವಿರಲಿಲ್ಲ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರ್ಯಾಂಚ್ ರಿಕಿ 1945ರಲ್ಲಿ ಅವರನ್ನು ಕರೆಸಿ, ಯಾರು ಎಷ್ಟೇ ನಿಂದಿಸಿದರೂ ತಿರುಗಿ ಬೀಳಬಾರದೆಂಬ ಷರತ್ತು ಹಾಕಿದರು. ಒಂದೇ ಒಂದು ಜಗಳ ಇಡೀ ಜನಾಂಗಕ್ಕೆ ಬಾಗಿಲು ಮುಚ್ಚಿಸಬಹುದಿತ್ತು. ಜಾಕೀ ಒಪ್ಪಿದರು.

1947ರ ಏಪ್ರಿಲ್ 15ರಂದು ಅವರು ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದರು. ಎದುರಾಳಿಗಳು ಬಾಯಿಗೆ ಬಂದಂತೆ ಬೈದರು. ಕೊಲೆ ಬೆದರಿಕೆಯ ಪತ್ರಗಳು ಬಂದವು. ತಂಡ ಇಳಿದುಕೊಂಡ ಕೆಲವು ಹೋಟೆಲುಗಳು ಅವರಿಗೆ ಕೋಣೆ ಕೊಡಲಿಲ್ಲ. ಸ್ವಂತ ತಂಡದ ಕೆಲವರೇ ಅವರನ್ನು ವಿರೋಧಿಸಿದ್ದರು. ಆದರೂ ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಉತ್ತರವನ್ನು ಆಟದಲ್ಲೇ ಕೊಟ್ಟರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಗೌರವ ಅವರಿಗೆ ದೊರೆಯಿತು. 1949ರಲ್ಲಿ ತಮ್ಮ ಲೀಗಿನ ಅತ್ಯುತ್ತಮ ಆಟಗಾರನೆನಿಸಿದರು. ಇತರ ಕಪ್ಪು ವರ್ಣೀಯರೂ ಪ್ರಮುಖ ತಂಡಗಳನ್ನು ಸೇರತೊಡಗಿದರು.

ಬಾಗಿಲು ತೆರೆದ ಮೇಲೆ ಮೌನದ ಅಗತ್ಯ ತೀರಿತು. ಅನ್ಯಾಯ ಕಂಡಲ್ಲಿ ಅವರು ಪ್ರಶ್ನಿಸತೊಡಗಿದರು. ಮೌನವನ್ನು ಹೊಗಳಿದ್ದವರಲ್ಲಿ ಅನೇಕರಿಗೆ ಈ ಮಾತು ರುಚಿಸಲಿಲ್ಲ. ಅವರು ಹಿಂಜರಿಯಲಿಲ್ಲ. 1956ರ ಋತುವಿನ ನಂತರ ಆಟ ಬಿಟ್ಟರೂ ಹೋರಾಟ ಬಿಡಲಿಲ್ಲ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಚಳವಳಿಯಲ್ಲಿ ಸೆರೆಯಾದವರ ಜಾಮೀನಿಗೆ ತಮ್ಮ ಮನೆಯಂಗಳದಲ್ಲೇ ಹಣ ಕೂಡಿಸಿದರು. ಅದೇ ವರ್ಷ ವಾಷಿಂಗ್ಟನ್ ಮೆರವಣಿಗೆಯಲ್ಲಿ ಪಾಲ್ಗೊಂಡರು.

1972ರ ಅಕ್ಟೋಬರ್ 15ರಂದು ಅವರಿಗೆ ಸನ್ಮಾನ ನಡೆಯಿತು. ಮಧುಮೇಹದಿಂದ ಅವರ ದೃಷ್ಟಿ ಬಹುಪಾಲು ಹೋಗಿತ್ತು. ಧನ್ಯವಾದ ಹೇಳಿ ಇಳಿದುಬಿಡಬಹುದಿತ್ತು. ಆದರೆ ತಂಡವನ್ನು ನಡೆಸುವ ಸ್ಥಾನದಲ್ಲಿ ಕಪ್ಪು ವರ್ಣೀಯನನ್ನು ಕಾಣುವ ಆಸೆಯನ್ನು ಆ ವೇದಿಕೆಯಲ್ಲೇ ಹೇಳಿದರು. ಒಂಬತ್ತು ದಿನಗಳ ಬಳಿಕ, 53ನೇ ವಯಸ್ಸಿನಲ್ಲಿ ನಿಧನರಾದರು. 1975ರಲ್ಲಿ ಫ್ರಾಂಕ್ ರಾಬಿನ್ಸನ್ ಆ ಸ್ಥಾನಕ್ಕೇರಿದ ಮೊದಲ ಕಪ್ಪು ವರ್ಣೀಯರಾದರು.

ಓದುಗರೇ, ಸಿಟ್ಟು ಬಂದಾಗ ನಾಲಿಗೆಯನ್ನು ತಡೆಯುವುದು ಕಷ್ಟ. ಸನ್ಮಾನ ದೊರೆತಾಗ ಸತ್ಯ ಹೇಳುವುದು ಅದಕ್ಕಿಂತಲೂ ಕಷ್ಟ. ಇವೆರಡರಲ್ಲಿ ನಿಮ್ಮಲ್ಲಿ ಯಾವುದರ ಕೊರತೆಯಿದೆಯೆಂದು ನಿಮ್ಮನ್ನೇ ಕೇಳಿಕೊಳ್ಳಿ.