ಟಕ್ ಸದ್ದಿನ ಮೇಷ್ಟ್ರು

ಕೆಜಿಎಫ್ ಇರಲಿ, ಬಂಗಾರಪೇಟೆ ಇರಲಿ, ಕಾರಿನ ಬೋರ್ಡಲ್ಲಿ ರಿಲೇ ಕೆಟ್ರೆ ಮಾಡೋದು ಒಂದೇ. ಬೆಸುಗೆ ಕರಗಿಸಿ, ಪಂಪಲ್ಲಿ ಹೀರಿ, ಹಳೇದನ್ನ ಕಿತ್ತು ಹೊಸದು ಕೂರಿಸೋದು. ಟಕ್ ಅನ್ನೋ ಆ ಪುಟ್ಟ ಡಬ್ಬಿಯ ಹಿಂದೆ ಇರೋರು ಜೋಸೆಫ್ ಹೆನ್ರಿ. ನಮಗೆ ಅವರು ಇಂಡಕ್ಟನ್ಸ್‌ನ ಯೂನಿಟ್ ಅಷ್ಟೇ!

ಹೆನ್ರಿ ಹುಟ್ಟಿದ್ದು 1797ರಲ್ಲಿ, ಅಮೆರಿಕದ ಆಲ್ಬನಿಯಲ್ಲಿ. ಬಡ ಮನೆ. ಚಿಕ್ಕ ವಯಸ್ಸಲ್ಲೇ ವಾಚ್ ರಿಪೇರಿ ಕಲಿಯೋಕೆ ಸೇರಿದರು. 1826ರಲ್ಲಿ ಆಲ್ಬನಿ ಅಕಾಡೆಮಿಯಲ್ಲಿ ಮೇಷ್ಟ್ರಾದರು. ತಂತಿಗೇ ರೇಷ್ಮೆ ಸುತ್ತಿ, ಪದರದ ಮೇಲೆ ಪದರ ಸುತ್ತಿ, 900 ಕೆಜಿಗೂ ಹೆಚ್ಚು ಎತ್ತೋ ಅಯಸ್ಕಾಂತ ಮಾಡಿದರು.

ಆದರೆ ತಂತಿ ಉದ್ದ ಆದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಕರೆಂಟ್ ಕಡಿಮೆ. 1835ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಅವರು ದಾರಿ ಕಂಡುಕೊಂಡರು: ದೂರದಿಂದ ಬರೋ ಸಣ್ಣ ಕರೆಂಟ್ ಬರೀ ಸ್ವಿಚ್ ಆಡಿಸಲಿ, ಭಾರದ ಕೆಲಸ ಹತ್ತಿರದ ಬ್ಯಾಟರಿ ಮಾಡಲಿ. ಕ್ಲಾಸಲ್ಲಿ ದೊಡ್ಡ ಅಯಸ್ಕಾಂತಕ್ಕೆ ತೂಕ ನೇತುಹಾಕಿ, ದೂರದಿಂದಲೇ ಅದರ ಸರ್ಕ್ಯೂಟ್ ಕಟ್ ಮಾಡಿ, ಧಡ್ ಅಂತ ಬೀಳಿಸಿ ತೋರಿಸ್ತಿದ್ರು.

ಪೇಟೆಂಟ್ ಮಾತ್ರ ತಗೊಳ್ಳಲಿಲ್ಲ. ವಿಜ್ಞಾನ ಎಲ್ಲರದ್ದು ಅನ್ನೋದು ಅವರ ನಂಬಿಕೆ. ಇದೇ ಉಪಾಯ ಬಳಸಿದ ಟೆಲಿಗ್ರಾಫ್‌ನಿಂದ ದುಡ್ಡು, ಹೆಸರು ಎರಡೂ ಮೋರ್ಸ್‌ಗೆ ಹೋಯ್ತು. ಹೆನ್ರಿ 1846ರಿಂದ ಸ್ಮಿತ್ಸೋನಿಯನ್ ಸಂಸ್ಥೆ ನಡೆಸಿ, 1878ರಲ್ಲಿ ತೀರಿಕೊಂಡರು.

24 ವರ್ಷದ ನಂತರ, 1902ರಲ್ಲಿ, ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂತು. ಅಷ್ಟು ದೂರ ಕಳಿಸೋಕೆ ವೋಲ್ಟೇಜ್ ಏರಿಸಿದ ಟ್ರಾನ್ಸ್‌ಫಾರ್ಮರ್ ನಿಂತಿರೋದು ಇಂಡಕ್ಷನ್ ಮೇಲೆ. ಅದನ್ನ ಫ್ಯಾರಡೆ ಒಂದು ಕಡೆ, ಹೆನ್ರಿ ಇನ್ನೊಂದು ಕಡೆ ಕಂಡುಹಿಡಿದಿದ್ದರು. ಮುಂದಿನ ಸಲ ಹೆಡ್‌ಲೈಟ್ ಹತ್ತದಿದ್ರೆ, ಇಡೀ ಬೋರ್ಡ್ ಎಸೆಯೋ ಮುಂಚೆ ರಿಲೇ ಕಾಯಿಲ್‌ಗೆ ಒಮ್ಮೆ ಮಲ್ಟಿಮೀಟರ್ ಹಿಡೀರಿ.