ಸವಾಯಿ ಗಂಧರ್ವ

ಸವಾಯಿ ಗಂಧರ್ವ (ಜನವರಿ 19, 1886 – ಸೆಪ್ಟೆಂಬರ್ 12, 1952) ಹಿಂದುಸ್ತಾನಿ ಶಾಸ್ತ್ರೀಯ ಸಂಗೀತದ ಕಿರಾನಾ ಘರಾಣೆಯ ಪ್ರಮುಖ ಗಾಯಕರು, ಮರಾಠಿ ಸಂಗೀತ ರಂಗಭೂಮಿಯ ನಟರು ಹಾಗೂ ಸಂಗೀತ ಗುರುಗಳು. ಅವರ ನಿಜನಾಮ ರಾಮಚಂದ್ರ ಗಣೇಶ ಕುಂದಗೋಳಕರ ಸಂಶಿ. ಸಂಗೀತ ವಲಯದಲ್ಲಿ ಅವರನ್ನು ರಾಮಭಾವು ಎಂದು ಕರೆಯುತ್ತಿದ್ದರು. ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಇವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಮೊದಲಾದವರನ್ನು ತಯಾರು ಮಾಡಿದರು. ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಕಿರಾನಾ ಗಾಯಕಿ ಬೇರೂರಲು ಅವರೇ ಮುಖ್ಯ ಕಾರಣ. ಎಳೆಯ ಗಾಯಕರ ಶಕ್ತಿ ಮತ್ತು ಕೊರತೆಗಳನ್ನು ಗುರುತಿಸಿ, ಒಬ್ಬೊಬ್ಬರನ್ನೂ ಅವರವರ ಕಂಠಕ್ಕೆ ತಕ್ಕಂತೆ ಬೆಳೆಸಿದ ಗುರುವೆಂದು ಅವರನ್ನು ಸ್ಮರಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ರಾಮಚಂದ್ರ ಅವರು ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಕುಂದಗೋಳದಲ್ಲಿ ಜನಿಸಿದರು. ಈಗ ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಈ ಊರು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶ ಸಂಶಿ ಅವರು ಊರಿನ ಜಮೀನುದಾರ ರಂಗನಗೌಡ ನಾಡಿಗೇರರಲ್ಲಿ ಕಾರಕೂನರಾಗಿದ್ದರು. ಶಾಲೆಯ ಪಾಠಗಳಲ್ಲಿ ಬಾಲಕನಿಗೆ ಆಸಕ್ತಿ ಕಡಿಮೆ. ಪದ್ಯಗಳನ್ನು ರಾಗವಾಗಿ ಹಾಡುವುದರಲ್ಲಿ ಉತ್ಸಾಹ ಹೆಚ್ಚು. ಇದನ್ನು ಗಮನಿಸಿದ ತಂದೆ ಅವನನ್ನು ಬಲವಂತರಾವ್ ಕೊಲ್ಹಟಕರರಲ್ಲಿ ಸಂಗೀತ ಕಲಿಯಲು ಬಿಟ್ಟರು. ಅಲ್ಲಿ ಧ್ರುಪದ, ತರಾನಾ ಮೊದಲಾದ ರಚನೆಗಳ ಹಾಗೂ ತಾಳಗಳ ಪರಿಚಯವಾಯಿತು. 1898ರಲ್ಲಿ ಕೊಲ್ಹಟಕರರು ತೀರಿಕೊಂಡಾಗ ಹನ್ನೆರಡು ವರ್ಷದ ಬಾಲಕನ ಶಿಕ್ಷಣ ಅರ್ಧಕ್ಕೆ ನಿಂತಿತು.

ಅಬ್ದುಲ್ ಕರೀಂ ಖಾನರಲ್ಲಿ ಶಿಕ್ಷಣ

ಉತ್ತರ ಭಾರತದ ಕೈರಾನಾ ಮೂಲದ ಅಬ್ದುಲ್ ಕರೀಂ ಖಾನರು (1872–1937) ಕರ್ನಾಟಕದ ಕಡೆಗೆ ಬಂದಾಗ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಾಡುತ್ತಿದ್ದರು. ಅಲ್ಲಿ ಅವರ ಭೈರವಿಯನ್ನು ಕೇಳಿದ ರಾಮಚಂದ್ರ, ಕಲಿತರೆ ಇವರಲ್ಲಿಯೇ ಕಲಿಯಬೇಕೆಂದು ನಿಶ್ಚಯಿಸಿದರು. ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕೆಂಬ ಷರತ್ತಿನ ಮೇಲೆ ಖಾನರು ಶಿಷ್ಯನನ್ನು ಸ್ವೀಕರಿಸಿದರು.

ಹದಿಹರೆಯದಲ್ಲಿ ರಾಮಚಂದ್ರರ ದನಿ ಒಡೆಯಿತು. ಬಾಲ್ಯದ ಮಾಧುರ್ಯ ಮರಳಿ ಬರಲಿಲ್ಲ. ಗುರುವಿನ ಕಂಠಕ್ಕಿದ್ದ ಸಹಜ ಸೂಕ್ಷ್ಮತೆ ಮತ್ತು ಇಂಪು ಶಿಷ್ಯನಿಗೆ ಇರಲಿಲ್ಲ. ಕಿರಾನಾ ಘರಾಣೆಯಲ್ಲಿ ಸ್ವರದ ಶುದ್ಧಿ ಮತ್ತು ನಿಧಾನವಾದ ಆಲಾಪಕ್ಕೆ ಪ್ರಾಶಸ್ತ್ಯವಿರುವುದರಿಂದ ಇಂತಹ ಕಂಠವು ದೊಡ್ಡ ತೊಡಕೇ ಆಗಿತ್ತು. ಆದರೆ ಗ್ರಹಣಶಕ್ತಿ, ಶ್ರುತಿಜ್ಞಾನ ಮತ್ತು ದೀರ್ಘ ಸಾಧನೆಗೆ ಬೇಕಾದ ತಾಳ್ಮೆ ಅವರಲ್ಲಿದ್ದವು. ಕೆಲವೇ ರಾಗಗಳನ್ನು ದೀರ್ಘಕಾಲ ತಿದ್ದಿಸುವ ಗುರುವಿನ ಕ್ರಮದಲ್ಲಿ ಅವರು ಕಂಠವನ್ನು ಪಳಗಿಸಿಕೊಂಡರು. ಮುಂದೆ ಗುರುವಾದಾಗ ಅವರು ಶಿಷ್ಯರಿಗೆ ಅನುಸರಿಸಿದ ಪದ್ಧತಿಯ ಬೇರು ಈ ಅನುಭವದಲ್ಲಿಯೇ ಇದೆ.

ರಂಗಭೂಮಿ

ಶಿಕ್ಷಣದ ಬಳಿಕ ರಾಮಭಾವು ಮರಾಠಿ ನಾಟಕ ಕಂಪನಿಯನ್ನು ಸೇರಿದರು. ಶಾಸ್ತ್ರೀಯ ಗಾಯಕನಾಗಿ ಸಿದ್ಧಗೊಂಡ ಶಿಷ್ಯನು ರಂಗಭೂಮಿಗೆ ಹೋದದ್ದು ಖಾನರಿಗೆ ಹಿಡಿಸಲಿಲ್ಲವೆಂದು ಹೇಳಲಾಗುತ್ತದೆ. ಸ್ತ್ರೀಪಾತ್ರಗಳನ್ನು ಪುರುಷರೇ ನಿರ್ವಹಿಸುತ್ತಿದ್ದ ಆ ಕಾಲದಲ್ಲಿ ಅವರು ಅಂತಹ ಪಾತ್ರಗಳಿಂದ ಪ್ರಸಿದ್ಧರಾದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸೌಭದ್ರ’ ಸಂಗೀತ ನಾಟಕದಲ್ಲಿ ಅವರ ಸುಭದ್ರೆಯ ಪಾತ್ರ ಬಹಳ ಜನಪ್ರಿಯವಾಯಿತು.

ಅಮರಾವತಿಯ ಮುಖಂಡ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದನ್ನು ನೀಡಿದರು. ಸವಾಯಿ ಎಂದರೆ ಒಂದೂಕಾಲು. ಆಗ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಕೀರ್ತಿ ಉನ್ನತ ಮಟ್ಟದಲ್ಲಿದ್ದುದರಿಂದ, ಗಂಧರ್ವನಿಗಿಂತ ಕಾಲುಪಾಲು ಮಿಗಿಲು ಎಂಬ ಧ್ವನಿ ಈ ಬಿರುದಿನಲ್ಲಿತ್ತು. ಕ್ರಮೇಣ ನಿಜನಾಮಕ್ಕಿಂತ ಬಿರುದೇ ಹೆಚ್ಚು ಬಳಕೆಗೆ ಬಂದಿತು. ನಂತರ ಅವರು ರಂಗಭೂಮಿಯನ್ನು ಬಿಟ್ಟು ಕಛೇರಿ ಮತ್ತು ಬೋಧನೆಯಲ್ಲಿ ತೊಡಗಿದರು.

ಗಾಯನ ಶೈಲಿ

ಕಛೇರಿಯ ಆರಂಭದಲ್ಲಿ ಸವಾಯಿ ಗಂಧರ್ವರ ಕಂಠವು ಬಿಗಿಯಾಗಿರುತ್ತಿತ್ತು. ಹದಕ್ಕೆ ಬರಲು ಸಮಯ ಬೇಕಾಗುತ್ತಿತ್ತು. ಒಮ್ಮೆ ಹದಕ್ಕೆ ಬಂದ ಮೇಲೆ ಮೂರು ಸ್ಥಾಯಿಗಳಲ್ಲಿಯೂ ನಿರಾಯಾಸವಾಗಿ ಸಂಚರಿಸುತ್ತಿತ್ತು. ವಿಲಂಬಿತ ಖಯಾಲಿನಲ್ಲಿ ಒಂದೊಂದೇ ಸ್ವರವನ್ನು ಹಿಡಿದು ರಾಗವನ್ನು ಬಿಡಿಸುತ್ತಾ ಹೋಗುವುದು ಅವರ ಕ್ರಮ. ರಂಗಭೂಮಿಯ ಅನುಭವದಿಂದ ಠುಮರಿ ಹಾಗೂ ನಾಟ್ಯಗೀತೆಗಳಲ್ಲಿ ಭಾವಪ್ರಕಾಶನಕ್ಕೆ ವಿಶೇಷ ಬಲ ಬಂದಿತ್ತು. ಅವರ ಗಾಯನದ ಕೆಲವು ಧ್ವನಿಮುದ್ರಿಕೆಗಳು ಉಳಿದಿವೆ. ಮೂರು ನಿಮಿಷಗಳ ಮಿತಿಯುಳ್ಳ ಅಂದಿನ ತಟ್ಟೆಗಳಲ್ಲಿ, ನಿಧಾನವಾಗಿ ಅರಳುತ್ತಿದ್ದ ಈ ಗಾಯಕಿಯ ಒಂದು ಅಂಶ ಮಾತ್ರ ದೊರೆಯುತ್ತದೆ.

ಗುರುವಾಗಿ

ಸವಾಯಿ ಗಂಧರ್ವರ ಶಿಷ್ಯರ ಹಿನ್ನೆಲೆಗಳು ಒಂದಕ್ಕೊಂದು ಸಂಬಂಧವಿಲ್ಲದವು. ಈಗಾಗಲೇ ಹೆಸರು ಮಾಡಿದ್ದ ಗಾಯಕಿ, ಮನೆ ಬಿಟ್ಟು ಅಲೆದು ಬಂದ ಹುಡುಗ, ಚಲನಚಿತ್ರದ ಬಾಲನಟ, ಬೇರೊಬ್ಬ ಗುರುವಿನಲ್ಲಿ ಸಂಪೂರ್ಣವಾಗಿ ತಯಾರಾದ ಕಲಾವಿದ — ಹೀಗೆ ಬಂದವರ ಬಲವೂ ಕೊರತೆಯೂ ಬೇರೆಬೇರೆಯಾಗಿದ್ದವು.

ಗಂಗೂಬಾಯಿ ಹಾನಗಲ್: ಧಾರವಾಡದಲ್ಲಿ 1913ರಲ್ಲಿ ಜನಿಸಿದ ಗಂಗೂಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ ಅಂಬಾಬಾಯಿಯವರ ಮಗಳು. ಕೃಷ್ಣಾಚಾರ್ಯ ಹುಲಗೂರ ಮತ್ತು ದತ್ತೋಪಂತ ದೇಸಾಯಿ ಅವರಲ್ಲಿ ಕಲಿತಿದ್ದ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ್ದರು. ಅವರ ಧ್ವನಿಮುದ್ರಿಕೆಗಳೂ ಹೊರಬಂದಿದ್ದವು. ಅವರಲ್ಲಿ ಕಂಠಶಕ್ತಿಯೂ ರಚನೆಗಳ ಸಂಗ್ರಹವೂ ಇದ್ದವು. ಬೇಕಾಗಿದ್ದುದು ರಾಗವನ್ನು ಆಳವಾಗಿ ವಿಸ್ತರಿಸುವ ಶಿಸ್ತು. 1930ರ ದಶಕದ ಕೊನೆಯಲ್ಲಿ ಕ್ರಮಬದ್ಧ ಪಾಠ ಆರಂಭವಾದಾಗ ಗುರುಗಳು ಹೊಸ ಚೀಜುಗಳನ್ನು ರಾಶಿ ಹಾಕಲಿಲ್ಲ. ರಾಗದ ಚಿಕ್ಕ ಭಾಗವೊಂದನ್ನು ಕೊಟ್ಟು, ಅದು ಹದವಾಗುವವರೆಗೆ ಮುಂದಕ್ಕೆ ಬಿಡುತ್ತಿರಲಿಲ್ಲ. ಸಂಸಾರದ ಹೊಣೆ ಹೊತ್ತಿದ್ದ ಗಂಗೂಬಾಯಿಯವರು ಸಂಜೆಯ ರೈಲಿನಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ ರಾತ್ರಿ ಹಿಂದಿರುಗುತ್ತಿದ್ದರು.

ಭೀಮಸೇನ ಜೋಶಿ: ಗದಗಿನಲ್ಲಿ ಬೆಳೆದ ಭೀಮಸೇನರು (1922–2011) ಗುರುವನ್ನು ಅರಸಿ 11ನೆಯ ವಯಸ್ಸಿನಲ್ಲಿ ಮನೆ ಬಿಟ್ಟಿದ್ದರು. ಜಲಂಧರದಲ್ಲಿ ಅವರನ್ನು ಕಂಡ ವಿನಾಯಕಬುವಾ ಪಟವರ್ಧನರು, ಊರಿನ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಬರುವ ಅಗತ್ಯವೇನೆಂದು ಕೇಳಿದರೆಂಬುದು ಪ್ರಸಿದ್ಧ ಸಂಗತಿ. 1936ರ ಸುಮಾರಿಗೆ ಅವರು ಕುಂದಗೋಳಕ್ಕೆ ಬಂದರು. ಈ ಹುಡುಗನಲ್ಲಿ ಛಲ ಮತ್ತು ದೇಹಬಲ ಅಪಾರವಾಗಿದ್ದವು. ಕಂಠ ಮತ್ತು ಸಹನೆ ಇನ್ನೂ ಪಕ್ವವಾಗಿರಲಿಲ್ಲ. ಹುಡುಗರ ದನಿ ಒಡೆಯುವ ವಯಸ್ಸು ಅದು. ಆ ಘಟ್ಟದ ಕಷ್ಟವನ್ನು ಗುರುಗಳು ಸ್ವತಃ ಅನುಭವಿಸಿದ್ದರು. ಮೊದಲ ದಿನಗಳಲ್ಲಿ ನೀರು ತರುವುದೇ ಮುಂತಾದ ಮನೆಗೆಲಸ ಮತ್ತು ಗುರುವಿನ ಗಾಯನವನ್ನು ಕೇಳುವುದೇ ಶಿಷ್ಯನ ಪಾಲಿಗಿತ್ತು. ಬಳಿಕ ತೋಡಿ, ಮುಲ್ತಾನಿ, ಪೂರಿಯಾ ರಾಗಗಳ ಸುತ್ತಲೇ ಹಲವು ವರ್ಷಗಳ ಪಾಠ ನಡೆಯಿತು. ಈ ಮೂರು ರಾಗಗಳಲ್ಲಿ ಸ್ವರಸ್ಥಾನ ಕೊಂಚ ಅಲುಗಿದರೂ ದೋಷ ತಕ್ಷಣ ಕಿವಿಗೆ ಬೀಳುತ್ತದೆ. ಆದ್ದರಿಂದ ಇವು ಕಂಠವನ್ನು ತಿದ್ದುವುದಕ್ಕೂ ಪರೀಕ್ಷಿಸುವುದಕ್ಕೂ ಒದಗುತ್ತಿದ್ದವು.

ಇತರ ಶಿಷ್ಯರು: ಮುಂಬಯಿಯ ಪಾರ್ಸಿ ಕುಟುಂಬದ ಫಿರೋಜ್ ದಸ್ತೂರ್ (1919–2008) ವಾಡಿಯಾ ಮೂವಿಟೋನ್ ಚಿತ್ರಗಳಲ್ಲಿ ಹಾಡಿ ನಟಿಸಿದ್ದರು. ಕೋಮಲವಾದ ಅವರ ಕಂಠವು ಅಬ್ದುಲ್ ಕರೀಂ ಖಾನರ ಶೈಲಿಗೆ ಸಮೀಪವಾಗಿತ್ತು. ಅವರ ಗಾಯನವೂ ಅದೇ ದಿಕ್ಕಿನಲ್ಲಿ ಬೆಳೆಯಿತು. ಬಸವರಾಜ ರಾಜಗುರು (1917–1991) ಪಂಚಾಕ್ಷರಿ ಗವಾಯಿಗಳಲ್ಲಿ ಸಿದ್ಧರಾಗಿ, 1944ರಲ್ಲಿ ಅವರು ಲಿಂಗೈಕ್ಯರಾದ ನಂತರ ಇತರ ಗುರುಗಳ ಜೊತೆಗೆ ಸವಾಯಿ ಗಂಧರ್ವರಿಂದಲೂ ಮಾರ್ಗದರ್ಶನ ಪಡೆದರು. ಕೃಷ್ಣಾಬಾಯಿ ರಾಮದುರ್ಗ ಹಾಗೂ ಇಂದಿರಾಬಾಯಿ ಖಾಡಿಲ್ಕರ್ ಕೂಡ ಅವರ ಶಿಷ್ಯೆಯರು.

ಒಬ್ಬನೇ ಗುರುವಿನಿಂದ ಕಲಿತರೂ ಗಂಗೂಬಾಯಿಯವರ ಗಂಭೀರ ನಾದ, ಭೀಮಸೇನರ ಆವೇಶಪೂರ್ಣ ತಾನುಗಳು ಮತ್ತು ದಸ್ತೂರರ ಮೃದು ಆಲಾಪಗಳಲ್ಲಿ ಒಂದು ಮತ್ತೊಂದರ ಪಡಿಯಚ್ಚಾಗಿಲ್ಲ. ತಮ್ಮ ಧ್ವನಿಯ ಅನುಕರಣೆಯನ್ನು ಅವರು ಶಿಷ್ಯರ ಮೇಲೆ ಹೇರಲಿಲ್ಲವೆಂಬುದಕ್ಕೆ ಇದೇ ನಿದರ್ಶನ. ಈ ಕ್ರಮಕ್ಕೆ ಮಿತಿಯೂ ಇತ್ತು. ಪಾಠ ನಿಧಾನವಾಗಿ ಸಾಗುತ್ತಿದ್ದುದರಿಂದ ದೀರ್ಘಕಾಲ ಕಾಯಬಲ್ಲವರಿಗೆ ಮಾತ್ರ ಅದರ ಪೂರ್ಣ ಫಲ ದೊರೆಯುತ್ತಿತ್ತು.

ಅನಾರೋಗ್ಯ ಮತ್ತು ನಿಧನ

1940ರ ದಶಕದ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ತಗಲಿತು. ವರ್ಷಗಳ ಸಾಧನೆಯಿಂದ ಪಳಗಿಸಿಕೊಂಡ ಕಂಠವು ಕಛೇರಿಗೆ ಒದಗದಂತಾಯಿತು. 1946ರ ಜನವರಿಯಲ್ಲಿ ಅವರ ಷಷ್ಟ್ಯಬ್ದಿಯ ನಿಮಿತ್ತ ಪುಣೆಯಲ್ಲಿ ಸಮಾರಂಭ ನಡೆಯಿತು. ಅಲ್ಲಿ ಭೀಮಸೇನ ಜೋಶಿಯವರು ನೀಡಿದ ಕಛೇರಿಯು ಅವರಿಗೆ ವ್ಯಾಪಕ ಮನ್ನಣೆ ತಂದಿತು. ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ನಿಧನರಾದರು.

ಸ್ಮರಣೆ

ಅವರ ಸ್ಮರಣಾರ್ಥ ಪುಣೆಯ ಆರ್ಯ ಸಂಗೀತ ಪ್ರಸಾರಕ ಮಂಡಳವು 1953ರಲ್ಲಿ ಸವಾಯಿ ಗಂಧರ್ವ ಸಂಗೀತ ಮಹೋತ್ಸವವನ್ನು ಆರಂಭಿಸಿತು. ಭೀಮಸೇನ ಜೋಶಿ ಹಾಗೂ ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರು ಇದರ ಪ್ರಮುಖ ಪ್ರೇರಕರು. ಹಿರಿಯರ ಜೊತೆಯಲ್ಲಿ ಯುವ ಕಲಾವಿದರಿಗೂ ವೇದಿಕೆ ನೀಡುವ ಈ ಉತ್ಸವವು ಈಗ ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’ ಎಂಬ ಹೆಸರಿನಿಂದ ನಡೆಯುತ್ತಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಪ್ರತಿವರ್ಷ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತದೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ಸಭಾಭವನಕ್ಕೆ ಅವರ ಹೆಸರನ್ನಿಡಲಾಗಿದೆ. ಅವರ ಶಿಷ್ಯರಲ್ಲಿ ಗಂಗೂಬಾಯಿ ಹಾನಗಲ್ ಅವರಿಗೆ 2002ರಲ್ಲಿ ಪದ್ಮವಿಭೂಷಣ ಹಾಗೂ ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಪ್ರಶಸ್ತಿಗಳು ಘೋಷಿತವಾದವು.