ಆಶುತೋಷ್ ಮುಖರ್ಜಿ

ಸರ್ ಆಶುತೋಷ್ ಮುಖರ್ಜಿ (ಜೂನ್ 29, 1864 – ಮೇ 25, 1924) ಬಂಗಾಳದ ಗಣಿತಜ್ಞರು, ನ್ಯಾಯಾಧೀಶರು ಹಾಗೂ ಶಿಕ್ಷಣತಜ್ಞರು. 1906ರಿಂದ 1914ರವರೆಗೆ, ಮತ್ತೆ 1921ರಿಂದ 1923ರವರೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು.

1904ರ ವಿಶ್ವವಿದ್ಯಾನಿಲಯ ಕಾಯಿದೆಯು ಗುಣಮಟ್ಟದ ಹೆಸರಿನಲ್ಲಿ ಉನ್ನತ ಶಿಕ್ಷಣವನ್ನೇ ಕುಗ್ಗಿಸೀತೆಂಬ ಆತಂಕ ಬಂಗಾಳದಲ್ಲಿತ್ತು. ಮುಖರ್ಜಿಯವರು ಅದೇ ಕಾಯಿದೆಯನ್ನು ಬಳಸಿ, ಮುಖ್ಯವಾಗಿ ಪರೀಕ್ಷೆ ನಡೆಸುತ್ತಿದ್ದ ಸಂಸ್ಥೆಯನ್ನು ಬೋಧನೆ, ಸಂಶೋಧನೆಗಳ ಕೇಂದ್ರವಾಗಿಸಿದರು. ಉತ್ತೀರ್ಣರ ಸಂಖ್ಯೆ ಏರಿದಂತೆ ಪದವಿ ಅಗ್ಗವಾಯಿತೆಂಬ ಟೀಕೆ ಬಂತು. ಅದು ಪೂರ್ತಿ ನಿರಾಧಾರವೂ ಅಲ್ಲ. ಆದರೂ ಅವರು ಪ್ರವೇಶವನ್ನು ಬಿಗಿಗೊಳಿಸಲು ಒಪ್ಪದೆ, ಮಟ್ಟ ಕಾಯಲು ಸ್ನಾತಕೋತ್ತರ ವಿಭಾಗಗಳನ್ನೂ ಅಧ್ಯಾಪಕರ ಆಯ್ಕೆಯನ್ನೂ ನೆಚ್ಚಿದರು. ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದ ಸಿ. ವಿ. ರಾಮನ್ 1917ರಲ್ಲಿ ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ತತ್ತ್ವಶಾಸ್ತ್ರದ ಪೀಠಕ್ಕೆ ಬಂದರು.

1923ರಲ್ಲಿ ಗವರ್ನರ್ ಲಿಟ್ಟನ್ ಅವರು ಷರತ್ತುಗಳೊಡನೆ ಮರುನೇಮಕ ನೀಡಮುಂದಾದಾಗ ಮುಖರ್ಜಿಯವರು ನಿರಾಕರಿಸಿದರು. ಮರುವರ್ಷ ಪಾಟ್ನಾದಲ್ಲಿ ನಿಧನರಾದರು.